ಕಣ್ಣು ಮಿಟುಕಿಸುವ ಮೊದಲೇ ಸತ್ತ ಲೇಸರ್

ವಿಜ್ಞಾನ ಮೇಳದ ಕಾಲ ಬಂತೆಂದರೆ ಮಕ್ಕಳಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಸರ್, ಲೇಸರ್ ಪಾಯಿಂಟರ್ ಬ್ಯಾಟರಿಯಲ್ಲಿ ಚೆನ್ನಾಗಿ ಉರಿಯುತ್ತಿತ್ತು. ಬ್ಯಾಟರಿ ತೆಗೆದು ಅಡಾಪ್ಟರ್ ಜೋಡಿಸಿದೆ. ಒಮ್ಮೆ ಫಳಕ್ ಅಂತು, ಆಮೇಲೆ ಮಂಕು. ಅಡಾಪ್ಟರೂ ನಾಲ್ಕೂವರೆ ವೋಲ್ಟಿನದೇ ಅಲ್ಲವೇ?" ಇದಕ್ಕೆ ಉತ್ತರ ಹೇಳುವ ಮೊದಲು ನಾನು ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು.

2011ರ ಮಾತು. ಒಂಬತ್ತನೇ ತರಗತಿಯ ಹುಡುಗನೊಬ್ಬ ತಾಲ್ಲೂಕು ಮಟ್ಟದ ಮೇಳಕ್ಕೆಂದು ತಲೆಕೂದಲಿನ ದಪ್ಪ ಅಳೆಯುವ ಪ್ರಯೋಗ ಸಿದ್ಧಪಡಿಸಿದ್ದ. ಲೇಸರ್ ಬೆಳಕಿನ ದಾರಿಗೆ ಅಡ್ಡಲಾಗಿ ಒಂದು ಕೂದಲು ಹಿಡಿದರೆ ಎದುರು ಗೋಡೆಯ ಮೇಲೆ ಬೆಳಕು, ಕತ್ತಲೆ, ಬೆಳಕು, ಕತ್ತಲೆ ಎಂದು ಪಟ್ಟೆಗಳು ಮೂಡುತ್ತವೆ. ಪಟ್ಟೆಗಳ ನಡುವಿನ ಅಂತರವನ್ನು ಸಾಮಾನ್ಯ ಸ್ಕೇಲಿನಿಂದ ಅಳೆದು, ಕೂದಲಿನ ದಪ್ಪವನ್ನು ಲೆಕ್ಕ ಹಾಕಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೋದರಮಾವನ ಕೈಲಿ ಕೆಂಪು ಲೇಸರ್ ಡಯೋಡ್ ತರಿಸಿ, ಅದಕ್ಕೆ ಬೇಕಾದ ಸರ್ಕ್ಯೂಟನ್ನೂ ತಾನೇ ಬೆಸುಗೆ ಹಾಕಿದ್ದ.

ಮೇಳದ ಹಿಂದಿನ ಸಂಜೆ ನಾನು ಅದನ್ನು ಪರೀಕ್ಷಿಸಲು ಕುಳಿತೆ. ಡಯೋಡನ್ನು ಬಿಡಿಸಿಟ್ಟು, ಸ್ವಿಚ್ ಹಾಕಿ, ಮೀಟರ್ ಹಿಡಿದೆ. ಏಳು ವೋಲ್ಟ್ ತೋರಿಸಿತು. ಸರ್ಕ್ಯೂಟಿಗೆ ಜೀವವಿದೆ ಎಂದುಕೊಂಡು ಡಯೋಡಿಗೆ ಕ್ಲಿಪ್ ಹಾಕಿದೆ. ಒಂದು ಮಿಂಚು, ಅಷ್ಟೇ. ಆಮೇಲೆ ಸುಮ್ಮನೆ ಕೆಂಪು ಮಿಣುಕು. "ಏನೋ ಮಾಡಿದೆ ಇದಕ್ಕೆ? ಬೆಸುಗೆ ಹಾಕುವಾಗ ಸುಟ್ಟಿದ್ದೀಯ. ಅವಸರಗೇಡಿ!" ಎಂದು ಎಲ್ಲ ಹುಡುಗರ ಮುಂದೆ ಗದರಿದೆ. ಅವನು ತಲೆ ತಗ್ಗಿಸಿ ನಿಂತ. ಮರುದಿನ ಗೋಡೆಯ ಮೇಲೆ ಕೆಂಪು ಮಬ್ಬು ಬಿತ್ತೇ ಹೊರತು ಒಂದು ಪಟ್ಟೆಯೂ ಮೂಡಲಿಲ್ಲ. ತೀರ್ಪುಗಾರರು ಮುಂದಿನ ಮೇಜಿಗೆ ಹೋದರು.

ಲೇಸರ್ ಡಯೋಡ್ ಎಂಥ ವಸ್ತುವೆಂದು ಈಗ ನೋಡೋಣ. ಅರೆವಾಹಕದಿಂದ ಲೇಸರ್ ಬೆಳಕನ್ನು 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ರಾಬರ್ಟ್ ಹಾಲ್ ಮತ್ತು ಸಂಗಡಿಗರು ಮೊದಲು ಪಡೆದರು. ಅದಕ್ಕೆ ದ್ರವ ನೈಟ್ರೋಜನ್ನಿನ ಚಳಿ ಬೇಕಿತ್ತು. ಕೊಠಡಿಯ ಉಷ್ಣಾಂಶದಲ್ಲಿ ಎಡೆಬಿಡದೆ ಬೆಳಗುವ ಡಯೋಡ್ ಬಂದದ್ದು 1970ರಲ್ಲಿ, ರಷ್ಯಾದ ಅಲ್ಫೆರೋವ್ ತಂಡದಿಂದ ಮತ್ತು ಅಮೆರಿಕದ ಬೆಲ್ ಪ್ರಯೋಗಾಲಯದಿಂದ. ಅಲ್ಫೆರೋವ್‌ಗೆ 2000ದ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಸಿ.ಡಿ. ಪ್ಲೇಯರ್ 1982ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಈ ಡಯೋಡ್ ಮನೆಮನೆ ಸೇರಿತು.

ಇದರಲ್ಲಿ ಬೆಳಕು ಹೊರಬರುವ ಬಾಗಿಲು ಬಹಳ ಕಿರಿದು. ತಲೆಕೂದಲಿನ ದಪ್ಪ 50ರಿಂದ 100 ಮೈಕ್ರಾನ್ ಎಂದುಕೊಳ್ಳಿ. ಪುಟ್ಟ ಕೆಂಪು ಲೇಸರಿನ ಬಾಗಿಲು ಸುಮಾರು 1 ಮೈಕ್ರಾನ್ ಎತ್ತರ, 3 ಮೈಕ್ರಾನ್ ಅಗಲ. ಇಷ್ಟು ಕಿಂಡಿಯಿಂದ 5 ಮಿಲಿವ್ಯಾಟ್ ಬೆಳಕು ಹೊರಬೀಳುತ್ತದೆಂದರೆ, ಅಲ್ಲಿ ಬೆಳಕಿನ ಸಾಂದ್ರತೆ ನಮ್ಮ ನಡುಮಧ್ಯಾಹ್ನದ ಬಿಸಿಲಿನ ಹತ್ತು ಲಕ್ಷ ಪಟ್ಟಿಗೂ ಹೆಚ್ಚು! ಕರೆಂಟು ಮಿತಿಮೀರಿದರೆ ಡಯೋಡ್ ತನ್ನದೇ ಬೆಳಕಿನಿಂದ ತನ್ನ ಬಾಗಿಲನ್ನು ಕರಗಿಸಿಕೊಳ್ಳುತ್ತದೆ. ಕನ್ನಡಿಯಂತೆ ನುಣುಪಾಗಿದ್ದ ಆ ಮುಖ ಹಾಳಾದ ಮೇಲೆ ಅದು ಲೇಸರ್ ಅಲ್ಲ, ಬರಿಯ ಎಲ್‌ಇಡಿ. ಕೆಂಪಗೆ ಮಿಣುಕುತ್ತದೆ, ಆದರೆ ಪಟ್ಟೆ ಮೂಡಿಸುವ ಶಿಸ್ತು ಆ ಬೆಳಕಿಗೆ ಇರುವುದಿಲ್ಲ. ಇನ್ನೂ ಉರಿಯುತ್ತಿದೆಯಲ್ಲ ಎಂದು ವೋಲ್ಟೇಜ್ ಏರಿಸಿ ಪ್ರಯೋಜನವಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬಲ್ಬಿಗೆ ವೋಲ್ಟೇಜ್ ಸ್ವಲ್ಪ ಹೆಚ್ಚಿದರೆ ಕರೆಂಟೂ ಸ್ವಲ್ಪ ಹೆಚ್ಚುತ್ತದೆ. ಡಯೋಡಿನ ನಡತೆ ಹಾಗಲ್ಲ. ಕೆಂಪು ಲೇಸರ್ 2.2 ವೋಲ್ಟಿನ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಅಲ್ಲಿಂದ ಮೇಲೆ ವೋಲ್ಟೇಜ್ ಚೂರು ಏರಿದರೂ ಕರೆಂಟು ಜಿಗಿಯುತ್ತದೆ. ಆದ್ದರಿಂದ ಇದಕ್ಕೆ ಅಳೆದು ಕೊಡಬೇಕಾದದ್ದು ಕರೆಂಟನ್ನು. ಪಾಯಿಂಟರಿನ ಗುಂಡಿ ಬ್ಯಾಟರಿಗಳಿಗೆ ಒಳಗೇ ಒಂದಿಷ್ಟು ರೋಧವಿದೆ. ಹೆಚ್ಚು ಕರೆಂಟು ಕೇಳಿದರೂ ಅವು ಕೊಡಲಾರವು. ಈ ಬಡತನವೇ ಲೇಸರಿಗೆ ಕಾವಲು. ಅಡಾಪ್ಟರಿಗೆ ಅಂಥ ಬಡತನವಿಲ್ಲ. ಸಾಲದ್ದಕ್ಕೆ, ಅಗ್ಗದ ಅಡಾಪ್ಟರುಗಳು ಹೊರೆ ಕಡಿಮೆಯಿದ್ದಾಗ ಮೇಲೆ ಬರೆದದ್ದಕ್ಕಿಂತ ಹೆಚ್ಚೇ ವೋಲ್ಟೇಜ್ ಕೊಡುತ್ತವೆ. ಮಕ್ಕಳ ಪ್ರಶ್ನೆಗೆ ಉತ್ತರ ಇದು.

ಆದರೆ ನಮ್ಮ ಹುಡುಗ ಕರೆಂಟನ್ನೇ ನಿಯಂತ್ರಿಸುವ ಸರ್ಕ್ಯೂಟ್ ಮಾಡಿದ್ದ. ಎಲ್‌ಎಂ 317 ಎಂಬ ಮೂರು ಕಾಲಿನ ಐಸಿ, ಜೊತೆಗೆ 47 ಓಮ್ ರೆಸಿಸ್ಟರ್. ಐಸಿ ಆ ರೆಸಿಸ್ಟರಿನ ಮೇಲೆ ಸದಾ 1.25 ವೋಲ್ಟ್ ಇರುವಂತೆ ನೋಡಿಕೊಳ್ಳುತ್ತದೆ. ಭಾಗಿಸಿದರೆ ಸುಮಾರು 27 ಮಿಲಿಆಂಪಿಯರ್. ಲೆಕ್ಕ ಸರಿಯಾಗಿಯೇ ಇತ್ತು. ಮತ್ತೆ ಡಯೋಡ್ ಸತ್ತದ್ದು ಹೇಗೆ?

ಮೇಳ ಮುಗಿದ ವಾರ ಇನ್ನೊಂದು ಡಯೋಡ್ ತರಿಸಿದೆ. ಪ್ರಯೋಗಾಲಯದಲ್ಲಿ ಒಬ್ಬನೇ ಕುಳಿತು ಅದೇ ಕ್ರಮದಲ್ಲಿ ಪರೀಕ್ಷಿಸಿದೆ. ಅದೂ ಸತ್ತಿತು! ಈ ಸಲ ಗದರಲು ಎದುರಿಗೆ ಯಾರೂ ಇರಲಿಲ್ಲ. ಆಗ ಸರ್ಕ್ಯೂಟಿನ ಕೊನೆಯಲ್ಲಿದ್ದ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಕಣ್ಣಿಗೆ ಬಿತ್ತು.

ಹೊಲದಲ್ಲಿ ಪಂಪ್‌ಸೆಟ್ ಓಡುತ್ತಿರುವಾಗ ವಾಲ್ವ್ ಮುಚ್ಚಿದರೆ ಏನಾಗುತ್ತದೆ? ನೀರಿಗೆ ದಾರಿಯಿಲ್ಲದೆ ಪೈಪಿನಲ್ಲಿ ಒತ್ತಡ ಏರುತ್ತದೆ. ಆಗ ವಾಲ್ವನ್ನು ಒಮ್ಮೆಲೇ ತಿರುವಿದರೆ ತುದಿಯಲ್ಲಿರುವ ತೆಳು ಪೈಪಿನ ಗತಿ ರೈತರಿಗೆ ಗೊತ್ತು. ಇಲ್ಲೂ ಹಾಗೆಯೇ. ಡಯೋಡ್ ಇಲ್ಲದಾಗ 27 ಮಿಲಿಆಂಪಿಯರ್ ಹರಿಸಲು ಐಸಿಗೆ ಜಾಗವಿಲ್ಲ. ಅದು ವೋಲ್ಟೇಜನ್ನು ಏರಿಸುತ್ತ ಹೋಗುತ್ತದೆ. ಕೆಪಾಸಿಟರ್ 7 ವೋಲ್ಟಿನವರೆಗೆ ತುಂಬಿಕೊಳ್ಳುತ್ತದೆ. ನಾನು ಮೀಟರಿನಲ್ಲಿ ಕಂಡು ಸಂತೋಷಪಟ್ಟದ್ದು ಅದನ್ನೇ! ಕ್ಲಿಪ್ ತಾಗಿದೊಡನೆ ಹೆಚ್ಚುವರಿ 5 ವೋಲ್ಟ್ ಡಯೋಡಿನ ಮೇಲೆ ಬಿತ್ತು. ದಾರಿಯ ರೋಧ 5 ಓಮ್ ಎಂದು ಹಿಡಿದರೂ ಒಂದು ಆಂಪಿಯರ್ ಹರಿಯಿತು. ಸಲ್ಲಬೇಕಾದದ್ದರ ಹೆಚ್ಚುಕಡಿಮೆ 40 ಪಟ್ಟು. ಅದು ಇಳಿಯಲು ಹಿಡಿದ ಕಾಲ ಸುಮಾರು ಒಂದು ಸೆಕೆಂಡಿನ 20 ಸಾವಿರದ ಒಂದು ಭಾಗ. ಡಯೋಡಿಗೆ ಅಷ್ಟೇ ಸಾಕು.

ಫ್ಯೂಸ್ ಹಾಕಿದ್ದರೆ ಎಂದು ಕೇಳಬಹುದು. ಫ್ಯೂಸಿನ ತಂತಿ ಕಾದು ಕರಗುವ ಹೊತ್ತಿಗೆ ಲೇಸರಿನ ಕತೆ ಮುಗಿದಿರುತ್ತದೆ. ಬೇರೆ ಕಾವಲುಗಳೇ ಬೇಕು.

ಮೊದಲನೆಯದು, ಬೇಡದ ವೋಲ್ಟೇಜನ್ನು ತರಲೇಬೇಡಿ. ಲೇಸರಿಗೆ 2.2, ರೆಸಿಸ್ಟರಿಗೆ 1.25, ಐಸಿಯ ಸ್ವಂತ ಖರ್ಚಿಗೆ ಸುಮಾರು 2 ವೋಲ್ಟ್. ಒಟ್ಟು ಐದೂವರೆ. ಆರು ವೋಲ್ಟಿನ ರೆಗ್ಯುಲೇಟೆಡ್ ಅಡಾಪ್ಟರ್ ಸಾಕಾಗುವ ಕಡೆ ನಾವು ಒಂಬತ್ತರದು ಇಟ್ಟಿದ್ದೆವು. ಎರಡನೆಯದು, ಲೇಸರಿನ ಎರಡು ಕಾಲುಗಳಿಗೆ ಅಡ್ಡಲಾಗಿ ಒಂದು ಪುಟ್ಟ ಸ್ವಿಚ್. ಡಯೋಡ್ ಜೋಡಿಸುವಾಗ ಇದು ಮುಚ್ಚಿರಬೇಕು. ಕರೆಂಟೆಲ್ಲ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ, ಕೆಪಾಸಿಟರ್ ಖಾಲಿಯಾಗಿರುತ್ತದೆ. ಕೊನೆಯಲ್ಲಿ ಸ್ವಿಚ್ ತೆರೆದರೆ ವೋಲ್ಟೇಜ್ ಸೊನ್ನೆಯಿಂದ ಮೆಲ್ಲಗೆ ಏರಿ 2.2ಕ್ಕೆ ನಿಲ್ಲುತ್ತದೆ. ಮೂರನೆಯದು, ಲೇಸರಿಗೆ ಹಿಮ್ಮುಖವಾಗಿ ಒಂದು 1ಎನ್4148 ಡಯೋಡ್. ಈ ಬಗೆಯ ಲೇಸರುಗಳಿಗೆ ತಿರುಗುಮುರುಗಾದ ವೋಲ್ಟೇಜ್ ಎರಡಕ್ಕಿಂತ ಹೆಚ್ಚು ಸಾಮಾನ್ಯವಾಗಿ ಕೂಡದು. ಮೋಟಾರು, ರಿಲೇಗಳು ನಿಂತಾಗ ಎದ್ದು ಬರುವ ಹಿಮ್ಮುಖದ ಏಟನ್ನು ಆ ಡಯೋಡ್ ತಾನು ತಿನ್ನುತ್ತದೆ. ನಾಲ್ಕನೆಯದು, ಅಡಾಪ್ಟರ್ ಕಡೆಯಿಂದ ಬರುವ ಏಟಿಗೆ ಒಳಬಾಗಿಲಲ್ಲೇ 12 ವೋಲ್ಟಿನ ಝೀನರ್ ಅಥವಾ ಟಿವಿಎಸ್ ಡಯೋಡ್. ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಇದು ಬೇಕೇ ಬೇಕು.

ನಮ್ಮ ಮೈಯೂ ಒಂದು ಕೆಪಾಸಿಟರ್ ಎಂಬುದು ನೆನಪಿರಲಿ. ಒಣಹವೆಯಲ್ಲಿ ಪಾಲಿಯೆಸ್ಟರ್ ಅಂಗಿ ತೊಟ್ಟು ಓಡಾಡಿದರೆ ಮೈಮೇಲೆ 3000 ವೋಲ್ಟ್ ಸೇರುವುದು ಕಷ್ಟವಲ್ಲ. ಬಾಗಿಲ ಚಿಲಕ ಮುಟ್ಟಿದಾಗ ಚುರುಕ್ಕೆನ್ನುವುದು ಅದೇ. ಮೈಯ ರೋಧ 1500 ಓಮ್ ಎಂದು ಎಂಜಿನಿಯರುಗಳು ಲೆಕ್ಕಕ್ಕೆ ಹಿಡಿಯುತ್ತಾರೆ. ಭಾಗಿಸಿ ನೋಡಿ, ಕ್ಷಣಕಾಲ 2 ಆಂಪಿಯರ್! ಆದ್ದರಿಂದ ಡಯೋಡ್ ಮುಟ್ಟುವ ಮುನ್ನ ಭೂಮಿಗೆ ತಾಗಿದ ಲೋಹ ಮುಟ್ಟಿ. ಬೆಸುಗೆ ಮುಗಿಯುವವರೆಗೂ ಅದರ ಕಾಲುಗಳಿಗೆ ತೆಳು ತಂತಿ ಸುತ್ತಿಡಿ. ಇನ್ನು ಲೇಸರ್ ಬೆಳಕನ್ನು ಯಾರ ಕಣ್ಣಿಗೂ ಬಿಡಬಾರದೆಂದು ಬೇರೆ ಹೇಳಬೇಕಿಲ್ಲವಷ್ಟೆ.

ಮರುದಿನ ತರಗತಿಯಲ್ಲಿ ಎಲ್ಲರ ಮುಂದೆಯೇ ಹೇಳಿದೆ: ಲೇಸರನ್ನು ಕೊಂದವನು ಇವನಲ್ಲ, ನಾನು. ಸರ್ಕ್ಯೂಟನ್ನು ಹಲಗೆಯ ಮೇಲೆ ಬರೆದು ಹೇಗೆಂದೂ ತೋರಿಸಿದೆ. ಗಂಟೆ ಹೊಡೆದ ಮೇಲೆ ಹುಡುಗ ಹತ್ತಿರ ಬಂದು, "ನೀವು ಕ್ಲಿಪ್ ಹಾಕುವಾಗ ಸ್ವಿಚ್ ಆನ್ ಇತ್ತು ಸರ್. ನಾನು ನೋಡಿದ್ದೆ" ಎಂದ.

"ಮತ್ತೆ ಅವತ್ತೇ ಯಾಕೋ ಹೇಳಲಿಲ್ಲ?"

"ನಾನು ಏನು ಮಾಡಿದೆ ಅಂತ ಕೇಳಿದ್ರಿ ಸರ್. ಏನು ನೋಡಿದೆ ಅಂತ ಕೇಳಲಿಲ್ಲ."

ಅಂದಿನಿಂದ ನಮ್ಮ ಪ್ರಯೋಗಾಲಯದಲ್ಲಿ ಏನೇ ಕೆಟ್ಟರೂ ಮೊದಲ ಪ್ರಶ್ನೆಯನ್ನು ಬದಲಾಯಿಸಿಕೊಂಡಿದ್ದೇನೆ. ಮಕ್ಕಳ ಪ್ರಾಜೆಕ್ಟಿಗೆ ಕೈ ಹಾಕುವ ತಂದೆತಾಯಿಗಳಿಗೂ ನನ್ನ ವಿನಂತಿ ಅದೇ. ಡಯೋಡ್ ಜೋಡಿಸಿ ಆಮೇಲೆ ಸ್ವಿಚ್ ಹಾಕಿ. ಮೊದಲು ಕೇಳಿ, ಆಮೇಲೆ ಬೇಕಿದ್ದರೆ ಗದರಿ.