ತಿಂಡಿಯ ಯಾತ್ರೆಯೂ ನಮ್ಮ ಹುಡುಗರೂ

ಪುಣೆ ನಗರದಲ್ಲಿ ಈಚಿನ ಕೆಲವು ವರ್ಷಗಳಿಂದ ಹೊಸ ಬಗೆಯ ಯಾತ್ರೆಯೊಂದು ರೂಢಿಗೆ ಬಂದಿದೆ. ಇದರಲ್ಲಿ ದೇವದರ್ಶನವಿಲ್ಲ, ಶನಿವಾರವಾಡೆಯ ವೀಕ್ಷಣೆಯೂ ಹೆಸರಿಗೆ ಮಾತ್ರ. ಹತ್ತು ಹನ್ನೆರಡು ಮಂದಿ ಪ್ರವಾಸಿಗಳು ಮುಂಗಡ ಹಣ ಕಟ್ಟಿ, ಬೆಳಗ್ಗೆ ಒಂದೆಡೆ ಕೂಡಿ, ಮಾರ್ಗದರ್ಶಕನೊಬ್ಬನ ಬೆನ್ನು ಹಿಡಿದು ದಿನವಿಡೀ ಪೇಟೆ ಪೇಟೆ ಸುತ್ತಿ ತಿನ್ನುವುದೇ ಇದರ ಉದ್ದೇಶ. ನಾರಾಯಣ ಪೇಟೆಯಲ್ಲಿ ಮಿಸಳ್, ಅಲ್ಲಿಂದ ಅಮೃತತುಲ್ಯದ ಚಹ, ಮಂಡಯಿಯ ಸುತ್ತ ಒಂದು ಪ್ರದಕ್ಷಿಣೆ, ಡೆಕ್ಕನ್ ಜಿಮಖಾನದ ಇರಾಣಿ ಅಂಗಡಿಯಲ್ಲಿ ಬನ್‌ಮಸ್ಕಾ, ಕ್ಯಾಂಪಿನಲ್ಲಿ ವಡಾಪಾವ್, ಈಸ್ಟ್ ಸ್ಟ್ರೀಟಿನಲ್ಲಿ ಶ್ರೂಸ್‌ಬರಿ ಬಿಸ್ಕತ್ತು, ಸಂಜೆಗೆ ಮಸ್ತಾನಿ. ಇದು ಸಾಮಾನ್ಯ ಕ್ರಮ. ನಡುವೆ ಎಲ್ಲಿಯಾದರೂ ಒಂದು ಕಡೆ ದೋಸೆ.

ತಿನ್ನುವುದಕ್ಕೂ ಮಾರ್ಗದರ್ಶಕ ಬೇಕೆ ಎಂದು ನಗುವವರು ನಮ್ಮಲ್ಲಿದ್ದಾರೆ. ಈ ನಗುವಿನಲ್ಲಿ ನಾನು ಪಾಲುಗಾರನಲ್ಲ. ಒಂದು ನಗರದ ಚರಿತ್ರೆಯನ್ನು ಅದರ ಗೋಡೆಗಳಿಗಿಂತ ಅದರ ಒಲೆಗಳು ಹೆಚ್ಚು ಪ್ರಾಮಾಣಿಕವಾಗಿ ಹೇಳುವುದುಂಟು. ಪುಣೆಯ ಈ ತಿಂಡಿಗಳನ್ನೇ ನೋಡಿರಿ. ಅಮೃತತುಲ್ಯದ ಅಂಗಡಿಗಳನ್ನು ನಡೆಸಿಕೊಂಡು ಬಂದವರು ಬಹುಮಟ್ಟಿಗೆ ರಾಜಸ್ಥಾನದಿಂದ ಬಂದ ಕುಟುಂಬಗಳವರು. 1935ರಲ್ಲಿ ಪ್ರಾರಂಭವಾದ ಕೆಫೆ ಗುಡ್‌ಲಕ್ ಇರಾನಿನಿಂದ ಬಂದವರ ಪ್ರಯತ್ನ. 1955ರ ಕಯಾನಿ ಬೇಕರಿಯೂ ಅಂಥವರದೇ. ಮಿಸಳನ್ನು ಬಿಟ್ಟರೆ ಪುಣೆಯ ಪ್ರಸಿದ್ಧ ರುಚಿಗಳಲ್ಲಿ ಅರ್ಧಕ್ಕರ್ಧ ಪರಸ್ಥಳದಿಂದ ಬಂದು ಈ ನೆಲದಲ್ಲಿ ಬೇರೂರಿದವು. ಅವನ್ನು ತಂದವರೂ ನಮ್ಮಂತೆ ಗಂಟು ಕಟ್ಟಿಕೊಂಡು ನಿಲ್ದಾಣದಲ್ಲಿ ಇಳಿದವರೇ. ಇಷ್ಟನ್ನು ಒಬ್ಬ ಮಾರ್ಗದರ್ಶಕನು ಪ್ರವಾಸಿಗಳಿಗೆ ತಿಳಿಯಹೇಳಿದರೆ ಅವನ ಶುಲ್ಕ ವ್ಯರ್ಥವಲ್ಲ.

ಆದರೆ ನಮ್ಮ ಬಾಗಿಲಿಗೆ ಬಂದಾಗ ಇವರ ಕಥೆ ಏಕೋ ಹಠಾತ್ತನೆ ಗಿಡ್ಡವಾಗುತ್ತದೆ. ಇರಾಣಿಯ ಬಗ್ಗೆ ಹದಿನೈದು ನಿಮಿಷ ಮಾತಾಡಿದವನು ದೋಸೆಯ ಮುಂದೆ ನಿಂತು, ‘ಇದು ಸೌತ್ ಇಂಡಿಯನ್’ ಎಂದು ಎರಡೇ ಶಬ್ದಗಳಲ್ಲಿ ಮುಗಿಸುತ್ತಾನೆ. ಹೆಚ್ಚೆಂದರೆ ಸಾಂಬಾರಿಗೆ ಆ ಹೆಸರು ಬಂದುದು ಸಂಭಾಜಿ ಮಹಾರಾಜರಿಂದ, ತಂಜಾವೂರಿನ ಮರಾಠಾ ದರಬಾರಿನಲ್ಲಿ ಹುಣಸೆಯೋ ಕೋಕಮೋ ಎಂಬ ಗೊಂದಲದಲ್ಲಿ ಅದು ಹುಟ್ಟಿತು ಎಂಬ ಕಥೆಯನ್ನು ಸೇರಿಸುತ್ತಾನೆ. ಕಥೆ ರಂಜಕವಾಗಿದೆ, ದೃಢವಾದ ಆಧಾರ ಮಾತ್ರ ಇಲ್ಲ. ಮರಾಠರಿಗೂ ದಕ್ಷಿಣಕ್ಕೂ ಇದ್ದ ನಂಟನ್ನೇ ಹೇಳಬೇಕೆಂದಿದ್ದರೆ ಶಹಾಜಿಗೆ ಬೆಂಗಳೂರು ಜಹಗೀರಿಯಾಗಿದ್ದುದನ್ನೂ ಅವರ ಸಮಾಧಿ ನಮ್ಮ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿರುವುದನ್ನೂ ಹೇಳಬಹುದಿತ್ತು.

‘ಸೌತ್ ಇಂಡಿಯನ್’ ಎಂಬ ಈ ಚೀಲದಲ್ಲಿ ಏನೇನು ತುಂಬಿದೆಯೆಂಬುದನ್ನು ಬಿಚ್ಚಿ ನೋಡುವವರಿಲ್ಲ. ಕುಂದಾಪುರದ ಕಡೆಯ ಅಡಿಗೆಭಟ್ಟರು, ತುಳು ಮನೆಮಾತಿನ ಬಂಟರು ಮತ್ತು ಬಿಲ್ಲವರು, ಕೊಂಕಣಿ ಮಾತಾಡುವ ಸಾರಸ್ವತರು, ಜೋಳದ ರೊಟ್ಟಿಯ ಖಾನಾವಳಿ ನಡೆಸುವ ಧಾರವಾಡ ವಿಜಾಪುರದವರು ಎಲ್ಲರೂ ಅದರೊಳಗೆ ಒಂದೇ. ಗೋಳಿಬಜೆಗೂ ಮೆದುವಡೆಗೂ ವ್ಯತ್ಯಾಸವಿಲ್ಲ. ನೀರುದೋಸೆ, ಪತ್ರೊಡೆ, ಬನ್ಸ್ ಎಂಬವುಗಳ ಹೆಸರೇ ಬರುವುದಿಲ್ಲ. ಮೈಸೂರು ಮಸಾಲೆ ಎಂಬ ಹೆಸರಿನಲ್ಲಿ ಈ ಭಾಗದಲ್ಲಿ ಬೀಟ್‌ರೂಟನ್ನೂ ಬೆಣ್ಣೆಯನ್ನೂ ಹಾಕಿ ಕಾವಲಿಯ ಮೇಲೆಯೇ ಅರೆದು ಕೊಡುವ ಪದಾರ್ಥವನ್ನು ಮೈಸೂರಿನವನು ಕಂಡರೆ ಗುರುತು ಹಿಡಿಯಲಾರನು. ಇದರಲ್ಲಿ ನಮ್ಮವರ ಕೈವಾಡವೂ ಇದೆಯೆನ್ನಿ.

ಹೇಳಲು ಕಥೆಯಿಲ್ಲದೆ ಹೀಗಾಗಿದೆಯೆ? ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿಗಳನ್ನು ಕಟ್ಟಿದ ಓಣಿಮಜಲು ಜಗನ್ನಾಥ ಶೆಟ್ಟರು 2023ರ ನವೆಂಬರಿನಲ್ಲಿ ತಮ್ಮ 91ನೇ ವಯಸ್ಸಿನಲ್ಲಿ ತೀರಿಕೊಂಡಾಗ ಈ ನಗರದ ಮರಾಠಿ ಪತ್ರಿಕೆಗಳೂ ಇಂಗ್ಲಿಷ್ ಪತ್ರಿಕೆಗಳೂ ಸ್ವಂತ ಮನೆಯ ಹಿರಿಯನೊಬ್ಬನು ಹೋದಂತೆ ಬರೆದವು. ಬಾಲ್ಯದಲ್ಲಿಯೇ ಊರು ಬಿಟ್ಟು, ಕಲ್ಯಾಣದ ಹೋಟೆಲಿನಲ್ಲಿ ಅತ್ಯಲ್ಪ ಸಂಬಳಕ್ಕೆ ದುಡಿದು, ಅನಂತರ ಪುಣೆಗೆ ಬಂದವರು ಅವರು. ಅವರ ವೈಶಾಲಿಯ ಮೇಜುಗಳ ಸುತ್ತ ಎಷ್ಟು ತಲೆಮಾರಿನ ವಿದ್ಯಾರ್ಥಿಗಳು ಒಂದು ಕಾಪಿಯ ನೆವದಲ್ಲಿ ಗಂಟೆಗಟ್ಟಲೆ ಕುಳಿತರೆಂಬುದಕ್ಕೆ ಲೆಕ್ಕವಿಲ್ಲ. ಹೋಟೆಲು ಕೆಲಸದವರು ಗಮನಿಸಬೇಕಾದ ವಿಷಯ ಇನ್ನೊಂದಿದೆ: ವೈಶಾಲಿಯ ಹೆಸರನ್ನು ಊರೆಲ್ಲ ಹರಡಿದ ತಿಂಡಿಗಳಲ್ಲಿ ಮುಂದೆ ನಿಲ್ಲುವುದು ಇಡ್ಲಿಯೂ ಅಲ್ಲ, ದೋಸೆಯೂ ಅಲ್ಲ, ಸೇವು, ಬಟಾಟೆ, ಮೊಸರು ಬೆರೆಸಿದ ಪೂರಿ, ಎಂದರೆ ಎಲ್ಲರೂ ಕರೆಯುವ ‘ಎಸ್‌ಪಿಡಿಪಿ’. ಕರಾವಳಿಯಿಂದ ಬಂದವರೊಬ್ಬರು ಉತ್ತರದ ಚಾಟನ್ನು ಪುಣೆಯ ನಾಲಿಗೆಗೆ ಹದಗೊಳಿಸಿ ಅದನ್ನು ಪುಣೆಯ ಗುರುತನ್ನಾಗಿ ಮಾಡಿದರು. ತಿಂಡಿಯ ಯಾತ್ರೆಯವರಿಗೆ ಇದಕ್ಕಿಂತ ಒಳ್ಳೆಯ ಕಥೆ ಎಲ್ಲಿ ಸಿಕ್ಕೀತು?

ಕಹಿಯಾದ ಕಥೆಯನ್ನೂ ಮರೆಮಾಚಬೇಕಾಗಿಲ್ಲ. ವಡಾಪಾವನ್ನು 1966ರ ಸುಮಾರಿಗೆ ಮುಂಬಯಿಯ ದಾದರ್ ನಿಲ್ದಾಣದ ಬಳಿ ಅಶೋಕ ವೈದ್ಯರು ಪ್ರಾರಂಭಿಸಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದೇ 1966ರ ಜೂನ್ ತಿಂಗಳಲ್ಲಿ ಶಿವಸೇನೆ ಹುಟ್ಟಿತು. ಆ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ಕೂಗೆದ್ದು ಮುಂಬಯಿಯ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದುದು, ಇಡ್ಲಿ ದೋಸೆಗಳಿಗೆ ಎದುರಾಳಿಯೆಂಬಂತೆ ವಡಾಪಾವನ್ನು ಎತ್ತಿಹಿಡಿದುದು ಹಳಬರಿಗೆ ನೆನಪಿದೆ. ಇಂದು ಅದೇ ವಡಾಪಾವು ಉಡುಪಿ ಹೋಟೆಲಿನ ಗಾಜಿನ ಕಪಾಟಿನಲ್ಲಿಯೂ ದೊರೆಯುತ್ತದೆ. ಮರಾಠಿ ಮನೆಗಳಲ್ಲಿ ಭಾನುವಾರ ದೋಸೆ ಹೊಯ್ಯುತ್ತಾರೆ. ಹೊಟ್ಟೆಗಳು ತಮ್ಮತಮ್ಮಲ್ಲಿ ರಾಜಿ ಮಾಡಿಕೊಂಡುವು. ‘ಅಣ್ಣಾ’ ಎಂಬ ಸಂಬೋಧನೆ ಮಾತ್ರ ಇಂದಿಗೂ ಕೆಲವರ ಬಾಯಲ್ಲಿ ಪ್ರೀತಿಯಿಂದಲೂ ಕೆಲವರ ಬಾಯಲ್ಲಿ ಉಡಾಫೆಯಿಂದಲೂ ಬರುತ್ತದೆ. ಯಾವುದು ಯಾವ ದನಿಯೆಂಬುದು ಮೇಜು ಒರೆಸುವ ಹುಡುಗನಿಗೆ ಚೆನ್ನಾಗಿ ಗೊತ್ತು.

ಇಷ್ಟು ಹೆಸರಿನ ಮಾತಾಯಿತು. ಕೆಲಸದ ಮಾತು ಬೇರೆ. ಭಾನುವಾರ ಬೆಳಗ್ಗೆ ಹತ್ತೂವರೆಗೆ, ಹೊರಗೆ ಸರದಿ ನಿಂತಿರುವ ಹೊತ್ತಿನಲ್ಲಿ, ಹನ್ನೆರಡು ಮಂದಿ ಒಮ್ಮೆಲೇ ಬಂದು ಮೂರು ಮೇಜು ಹಿಡಿದು ಎರಡು ದೋಸೆ, ಒಂದು ತಟ್ಟೆ ಇಡ್ಲಿ, ಹನ್ನೆರಡು ಖಾಲಿ ತಟ್ಟೆ ಮತ್ತು ಇಪ್ಪತ್ತನಾಲ್ಕು ಬಟ್ಟಲು ಚಟ್ನಿ ಸಾಂಬಾರು ಕೇಳಿದರೆ ಮಾಣಿಯ ಪಾಡೇನು? ಅವರಿಗೆ ಮುಂದೆ ಇನ್ನೂ ನಾಲ್ಕು ಕಡೆ ತಿನ್ನುವುದಿದೆ. ಆದುದರಿಂದ ರುಚಿ ನೋಡುತ್ತಾರೆಯೇ ಹೊರತು ಊಟ ಮಾಡುವುದಿಲ್ಲ. ಎಂಜಲು ತಟ್ಟೆಗಳ ರಾಶಿ ಮಾತ್ರ ಮೋರಿಗೆ ಬೀಳುತ್ತದೆ. ಅಷ್ಟರಲ್ಲಿ ಒಬ್ಬರು ಅಡಿಗೆಮನೆಗೆ ಇಣುಕಿ, ಕಾವಲಿಯ ಮುಂದೆ ಬೆವರುತ್ತಿರುವವನ ಮುಖಕ್ಕೆ ಮೊಬೈಲು ಹಿಡಿಯುತ್ತಾರೆ. ಅವನನ್ನು ಕೇಳಿದವರಿಲ್ಲ. ಆ ಚಿತ್ರ ಯಾವ ದೇಶದಲ್ಲಿ ಯಾರ ಕಣ್ಣಿಗೆ ಬೀಳುತ್ತದೆಯೋ ಅವನಿಗೆ ತಿಳಿಯದು.

ಭಕ್ಷೀಸಿನ ಸಂಗತಿ ಇದಕ್ಕಿಂತ ಹೆಚ್ಚು ವಿಚಾರಾರ್ಹವಾದದ್ದು. ಹಿಂದೆ ಗಿರಾಕಿಯು ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಜತೆಗೆ ಬಿಟ್ಟ ನಾಣ್ಯ ನೇರವಾಗಿ ಮಾಣಿಯ ಕಿಸೆಗೋ ಎಲ್ಲರ ಡಬ್ಬಿಗೋ ಹೋಗುತ್ತಿತ್ತು. ಈಗ ಗಲ್ಲೆಯ ಮುಂದಿನ ಚೌಕುಳಿ ಚಿತ್ರಕ್ಕೆ ಮೊಬೈಲು ತೋರಿಸಿದರೆ ಹಣವೆಲ್ಲ ಯಜಮಾನರ ಖಾತೆಗೆ ಸೇರುತ್ತದೆ. ಯಾತ್ರೆಯವರಂತೂ ಎಲ್ಲರ ಬಿಲ್ಲನ್ನೂ ಮಾರ್ಗದರ್ಶಕನ ಕೈಯಿಂದಲೇ ತೆರುತ್ತಾರೆ; ‘ಎಲ್ಲವೂ ಶುಲ್ಕದಲ್ಲಿ ಸೇರಿದೆ’ ಎಂದು ಪ್ರವಾಸಿಗಳಿಗೆ ಮೊದಲೇ ಹೇಳಲಾಗಿರುತ್ತದೆ. ಸೇರಿದ್ದರಲ್ಲಿ ಮೋರಿಯ ಹುಡುಗನ ಪಾಲು ಎಲ್ಲಿದೆ? ಬೀದಿಯ ಗಾಡಿಯವರ ಸ್ಥಿತಿಯೂ ಉತ್ತಮವಲ್ಲ. ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗಾಗಿ 2014ರಲ್ಲಿ ಕೇಂದ್ರದ ಕಾಯಿದೆಯೇ ಬಂದಿದೆ; ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ನೂರಕ್ಕೆ 40ರಷ್ಟು ಮಂದಿ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕೆಂದು ಅದು ವಿಧಿಸಿದೆ. ಆದರೂ ಇಂದು ಪ್ರವಾಸಿಗಳಿಗೆ ‘ನಗರದ ಸಂಸ್ಕೃತಿ’ ಎಂದು ತೋರಿಸಿದ ಗಾಡಿಯನ್ನು ನಾಳೆ ಅತಿಕ್ರಮಣವೆಂದು ಲಾರಿಗೆ ಹಾಕುವ ಭಯ ತಪ್ಪಿಲ್ಲ.

ನಮ್ಮ ಹೋಟೆಲು ಮಾಲಿಕರು ಇದರಲ್ಲಿ ಕೈಕಟ್ಟಿ ಕುಳಿತುಕೊಳ್ಳಬಾರದು. ಯಾತ್ರೆ ನಡೆಸುವವರಿಗೆ ಅವರು ಸ್ಪಷ್ಟವಾಗಿ ಹೇಳಲಿ: ಬರುವುದಾದರೆ ಮಧ್ಯಾಹ್ನ ಮೂರರಿಂದ ಐದರೊಳಗೆ ಬನ್ನಿ, ಹಿಂದಿನ ದಿನವೇ ತಿಳಿಸಿ, ತಲೆಯೊಂದಕ್ಕೆ ಇಂತಿಷ್ಟು ಎಂದು ಕೆಲಸದವರ ಡಬ್ಬಿಗೆ ಬೇರೆಯಾಗಿ ಹಾಕಿ, ಚಿತ್ರ ತೆಗೆಯುವ ಮುನ್ನ ಕೇಳಿ. ಕಥೆ ಹೇಳುವ ಕೆಲಸವನ್ನೂ ನಮ್ಮವನೊಬ್ಬನಿಗೆ ವಹಿಸಲಿ. ಹಿಟ್ಟು ಹುದುಗುವ ಹದ, ಮಳೆಗಾಲಕ್ಕೂ ಬೇಸಗೆಗೂ ನೀರು ಅಕ್ಕಿ ಉದ್ದಿನ ಪ್ರಮಾಣ ಬದಲಿಸುವ ಬಗೆ, ಪುಣೆಯವರಿಗಾಗಿ ಸಾಂಬಾರಿಗೆ ಬೆಲ್ಲ ಎಷ್ಟು ಹೆಚ್ಚು ಬೀಳುತ್ತದೆ ಎಂಬ ಗುಟ್ಟು, ಇವನ್ನು ಇಪ್ಪತ್ತು ವರ್ಷ ಕಾವಲಿ ನೋಡಿದವನಷ್ಟು ಚೆನ್ನಾಗಿ ಯಾವ ಮಾರ್ಗದರ್ಶಕ ಹೇಳಬಲ್ಲ? ಇಂದು ಆ ಕಾವಲಿಯ ಮುಂದೆ ಎಷ್ಟೋ ಕಡೆ ಒರಿಸ್ಸದ, ನೇಪಾಳದ, ಉತ್ತರಪ್ರದೇಶದ ಹುಡುಗರು ನಿಂತಿದ್ದಾರೆ. ಕರಾವಳಿಯ ಹುಡುಗರು ಕಡಮೆಯಾಗಿದ್ದಾರೆ. ಅದನ್ನೂ ಮುಚ್ಚಿಡದೆ ಹೇಳಲಿ. ಮುಂದಿನ ಐವತ್ತು ವರ್ಷಗಳ ಉಡುಪಿ ಹೋಟೆಲಿನ ಚರಿತ್ರೆ ಅವರದೂ ಹೌದು.

ಇನ್ನು ನಾನು ಮುಖ್ಯವೆಂದು ಎಣಿಸಿದ ಮಾತಿಗೆ ಬರುತ್ತೇನೆ. ಪರದೇಶದಿಂದ ಬಂದವನು ಒಂದೇ ದಿನದಲ್ಲಿ ನೋಡಿಹೋಗುವ ಈ ಪುಣೆಯನ್ನು ಇಲ್ಲಿಯೇ ಐದಾರು ವರ್ಷ ದುಡಿದ ನಮ್ಮ ಹುಡುಗನು ನೋಡಿದ್ದಾನೆಯೆ? ಅವನು ಬಲ್ಲ ಪುಣೆಯೆಂದರೆ ಹೋಟೆಲು, ಹೋಟೆಲಿನ ಮೇಲಿನ ಕೋಣೆ, ಊರಿಗೆ ಹೋಗುವ ರಾತ್ರಿ ಬಸ್ಸು ನಿಲ್ಲುವ ಜಾಗ. ಮಿಸಳ್ ಎಂಬುದನ್ನು ತನ್ನ ಹೋಟೆಲಿನ ತಿಂಡಿಪಟ್ಟಿಯಲ್ಲಿ ಓದಿದ್ದಾನೆ, ನೂರಾರು ತಟ್ಟೆ ಹೊತ್ತಿದ್ದಾನೆ. ನಾರಾಯಣ ಪೇಟೆಯ ಬೇಡೇಕರರಲ್ಲಿ ಕುಳಿತು ಒಂದು ತಟ್ಟೆ ತಿಂದಿಲ್ಲ. 1886ರಲ್ಲಿ ತೆರೆದ ಮಂಡಯಿಯ ಕಟ್ಟಡವನ್ನು ತರಕಾರಿಯ ಮೂಟೆಯ ಕೆಳಗಿನಿಂದಲ್ಲದೆ ಬೇರೆ ಬಗೆಯಲ್ಲಿ ಕಂಡಿಲ್ಲ. ಗುಮಾಸ್ತರ ಪಾಡೂ ಇಷ್ಟೇ. ಹಿಂಜವಡಿಯ ಕಚೇರಿಗೂ ಬಾಡಿಗೆ ಮನೆಗೂ ನಡುವಣ ದಾರಿಯೇ ಅವರ ನಗರ.

ಬಿಡುವಿಲ್ಲ ಎಂಬುದು ಸಿದ್ಧ ಉತ್ತರ. ವಾರಕ್ಕೊಂದು ದಿನ ಪೂರ್ತಿ ಬಿಡುವು ಕೊಡಬೇಕೆಂದು ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಹೇಳುತ್ತದೆ. ಕೊಡುವ ಮಾಲಿಕರೂ ಇದ್ದಾರೆ, ‘ಊರಿಗೆ ಹೋಗುವಾಗ ಒಟ್ಟಿಗೆ ತೆಗೆದುಕೊ’ ಎನ್ನುವವರೂ ಇದ್ದಾರೆ. ದೊರೆತ ಬಿಡುವಿನಲ್ಲಿ ಹುಡುಗನು ಬಟ್ಟೆ ಒಗೆದು, ಮನೆಗೆ ಮಾತಾಡಿ, ಮಲಗಿಬಿಡುತ್ತಾನೆ. ಆಯಾಸಗೊಂಡವನನ್ನು ದೂಷಿಸುವಂತಿಲ್ಲ. ಆದರೆ ಯಾರಾದರೂ ಬಾ ಎಂದು ಕರೆದರೆ ಅವನು ಏಳದಿರುವುದಿಲ್ಲ.

ಕರೆಯಬೇಕಾದವರು ನಮ್ಮ ಸಂಘಗಳವರು. ಪುಣೆಯ ಕನ್ನಡ ಸಂಘವು ಶಾಲೆ ಕಾಲೇಜುಗಳನ್ನು ಕಟ್ಟಿ ಬೆಳೆಸಿದೆ; ಬಂಟರ ಸಂಘವೂ ಇತರ ಸಮಾಜಗಳೂ ದೊಡ್ಡ ಸಭಾಭವನಗಳಲ್ಲಿ ಯಕ್ಷಗಾನ, ವಾರ್ಷಿಕೋತ್ಸವ, ಸನ್ಮಾನಗಳನ್ನು ಏರ್ಪಡಿಸುತ್ತವೆ. ಅಲ್ಲಿ ಬಡಿಸುವವನಾಗಿ ಬಂದು ಹೋಗುವ ಹುಡುಗನಿಗಾಗಿ ತಿಂಗಳಿಗೆ ಒಂದು ದಿನದ ತಿಂಡಿಯಾತ್ರೆಯನ್ನು ಏರ್ಪಡಿಸಿದರೆ ಆಗುವ ಖರ್ಚು ಒಂದು ಸನ್ಮಾನದ ಶಾಲು ಹಾರಗಳಿಗಿಂತ ಹೆಚ್ಚಾಗಲಾರದು. ಮಾರ್ಗದರ್ಶಕರಾಗಲು ನಿವೃತ್ತ ಗುಮಾಸ್ತರಿದ್ದಾರೆ. ನಲವತ್ತು ವರ್ಷ ಲಕ್ಷ್ಮೀ ರಸ್ತೆಯಲ್ಲಿ ನಡೆದಾಡಿದವರಿಗೆ ಯಾವ ಓಣಿಯಲ್ಲಿ ಯಾವ ಹೊತ್ತಿಗೆ ಏನು ಬಿಸಿಯಾಗಿರುತ್ತದೆಯೆಂದು ತಿಳಿಯದೆ?

ಇದರಿಂದ ಹುಡುಗನಿಗೇನು ಲಾಭವೆಂದು ಕೇಳುವವರಿಗೆ ಹೇಳುತ್ತೇನೆ. ನಾಳೆ ಸ್ವಂತ ಒಂದು ಗೂಡಂಗಡಿ ಹಾಕಬೇಕೆಂಬ ಆಸೆಯಿಲ್ಲದ ಹೋಟೆಲು ಹುಡುಗನಿಲ್ಲ. ತನ್ನ ಗಿರಾಕಿಯು ಮನೆಯಲ್ಲಿ ಏನು ತಿನ್ನುತ್ತಾನೆ, ಪಕ್ಕದ ಅಂಗಡಿಯವನು ಹೇಗೆ ಮಾಡುತ್ತಾನೆ ಎಂದು ತಿಳಿಯದವನು ಗಲ್ಲೆಯ ಮೇಲೆ ಹೇಗೆ ಕುಳಿತಾನು? ಮಿಸಳಿನ ಕಟವನ್ನು ನಾಲಿಗೆಯ ಮೇಲಿಟ್ಟೊಡನೆ ಹುರಿದ ಕೊಬ್ಬರಿಯ ವಾಸನೆಯನ್ನು ಅವನು ತಾನೇ ಗುರುತಿಸುತ್ತಾನೆ; ಯಾವ ಪ್ರವಾಸಿಗೂ ಆ ನಾಲಿಗೆಯಿಲ್ಲ. ಮರಾಠಿಯೂ ಬರುತ್ತದೆ. ಅವರ ‘ತೂಪ’ ನಮ್ಮ ತುಪ್ಪವೆಂದೂ, ಅವರ ಚಕಲಿ ನಮ್ಮ ಚಕ್ಕುಲಿಯೆಂದೂ, ಪುರಣಪೋಳಿಗೂ ಹೋಳಿಗೆಗೂ ದೂರ ಬಹಳವಿಲ್ಲವೆಂದೂ ಕಂಡುಕೊಂಡವನಿಗೆ ಈ ಊರು ಅಷ್ಟರ ಮಟ್ಟಿಗೆ ಪರಸ್ಥಳವಾಗಿ ಉಳಿಯುವುದಿಲ್ಲ.

ದಿನದ ವಿಚಾರದಲ್ಲಿ ಎರಡು ಸೂಚನೆ. ಭಾನುವಾರವನ್ನು ಇಟ್ಟುಕೊಂಡರೆ ಹೋಟೆಲಿನಿಂದ ಒಬ್ಬನೂ ಹೊರಬೀಳಲಾರನು; ಸೋಮವಾರವೋ ಮಂಗಳವಾರವೋ ಆಗಬೇಕು, ಬೆಳಗ್ಗೆ ಎಂಟಕ್ಕೆ ಹೊರಟು ಸಂಜೆಯ ಗಿರಾಕಿ ಏರುವ ಮೊದಲು ಹಿಂದಿರುಗುವಂತಿರಬೇಕು. ಗಣೇಶೋತ್ಸವದ ಹತ್ತು ದಿನ ಈ ಊರಿನಲ್ಲಿ ನಮ್ಮವರಿಗೆ ಉಸಿರಾಡಲೂ ಪುರಸತ್ತಿರುವುದಿಲ್ಲ. ಅನಂತ ಚತುರ್ದಶಿ ಕಳೆದ ಮೊದಲ ಮಂಗಳವಾರ ಇಪ್ಪತ್ತು ಮಂದಿಯ ಮೊದಲ ತಂಡವನ್ನು ಹೊರಡಿಸಲು ಯಾವ ಸಂಘ ಮುಂದೆ ಬರುತ್ತದೆ?