ತಪ್ಪು ಗೋಡೆಯದಲ್ಲ

ಊರಿನ ಹಳೆಯ ಮನೆಯನ್ನು ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ರಿಪೇರಿ ಮಾಡಿಸುವ ನಮ್ಮಂಥವರ ಮೇಲೆ ನನಗೊಂದು ತಕರಾರಿದೆ. ಮೊದಲ ಆರೋಪಿ ನಾನೇ. ಹಾಗಾಗಿ ಯಾರೂ ಬೇಸರ ಮಾಡಿಕೊಳ್ಳಬೇಕಿಲ್ಲ.

ನಮ್ಮ ಮನೆ ಇರುವುದು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಸುತ್ತ ಎರೆ ಭೂಮಿ. ಅಜ್ಜ ಕಟ್ಟಿಸಿದ ಕಲ್ಲುಮಣ್ಣಿನ ಗೋಡೆ, ಎರಡಡಿ ದಪ್ಪ. ಮಣ್ಣಿನ ಮೇಲ್ಮುದ್ದೆ ಸೋರುತ್ತದೆಂದು 2011ರಲ್ಲಿ ಒಳಕೋಣೆಯ ಮಟ್ಟಿಗೆ ಅದನ್ನು ತೆಗೆಸಿ ಐದಿಂಚಿನ ಆರ್‌ಸಿಸಿ ಸ್ಲ್ಯಾಬ್ ಹಾಕಿಸಿದೆವು. ಅಪ್ಪ ಹೋದ ಮೇಲೆ ಅವ್ವ ಅಲ್ಲಿ ಒಬ್ಬಳೇ ಇದ್ದಾಳೆ. ಪುಣೆಗೆ ಬಾ ಅಂದರೆ, "ಹದಿನಾಲ್ಕನೇ ಮಾಳಗಿ ಮ್ಯಾಲೆ ಕುಂತು ನಾ ಏನ್ ಮಾಡ್ಲಿ?" ಅನ್ನುತ್ತಾಳೆ. ಬೇಸಿಗೆ ಬಂತೆಂದರೆ ಫೋನಿನಲ್ಲಿ ಒಂದೇ ದೂರು: "ಕ್ವಾಣ್ಯಾಗ ರಾತ್ರಿ ಮಕ್ಕೊಳ್ಳಾಕ ಆಗವಲ್ದು. ನೆತ್ತಿ ಮ್ಯಾಲೆ ರೊಟ್ಟಿ ಹಂಚು ಕಾಸಿ ಇಟ್ಟಂಗ ಆಗತೈತಿ."

ನಾನು ಎಂಟೆಕ್ ಮಾಡಿದ್ದು ಥರ್ಮಲ್ ಇಂಜಿನಿಯರಿಂಗ್‌ನಲ್ಲಿ, ಹೊಟ್ಟೆ ಹೊರೆಯುವುದು ಪ್ರಾಜೆಕ್ಟ್ ಪ್ಲ್ಯಾನು, ಸ್ಟೇಟಸ್ ಕಾಲ್‌ಗಳಲ್ಲಿ. ಬಹಳ ದಿನದ ಮೇಲೆ ಓದಿದ ವಿದ್ಯೆಗೆ ಕೆಲಸ ಸಿಕ್ಕಿತೆಂದು ಹಿಗ್ಗಿ ಎಕ್ಸೆಲ್ ಶೀಟ್ ತೆರೆದೆ. ಗೋಡೆಯ ಯು-ವ್ಯಾಲ್ಯೂ, ಅಂದರೆ ಒಳಹೊರಗಿನ ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಲ್ಲಿ ಹರಿಯುವ ಶಾಖ, ಸುಮಾರು 1.3 ವ್ಯಾಟ್ ಬಂತು. ಒಳಗಿನಿಂದ ಎರಡಿಂಚು ಥರ್ಮೋಕೋಲ್ ಕೂರಿಸಿ ಮೇಲೆ ಜಿಪ್ಸಮ್ ಬೋರ್ಡ್ ಹೊಡೆದರೆ 0.45. ಮೂರರಲ್ಲಿ ಒಂದು ಪಾಲು! 2022ರ ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. ಗುತ್ತಿಗೆದಾರ, "ಹೊರಗಡೆ ಸಿಮೆಂಟ್ ಗಿಲಾವು ಮಾಡಿಬಿಡೋಣ ಸರ್, ಗಟ್ಟಿ ಇರತೈತಿ" ಎಂದ. ಮಾಡು ಎಂದೆ. ವಾಟ್ಸಾಪಿನಲ್ಲಿ ಫೋಟೊ ಬಂತು, ಯುಪಿಐಯಲ್ಲಿ ದುಡ್ಡು ಹೋಯಿತು. ಒಟ್ಟು ಒಂದು ಲಕ್ಷ ಎಂಬತ್ತು ಸಾವಿರ.

ಬೇಡವೆಂದವರು ಒಬ್ಬರೇ, ಊರಿನ ಹಳೆಯ ಗೌಂಡಿ. ವಿಡಿಯೊ ಕಾಲ್‌ನಲ್ಲಿ ಮುಖ ತೂರಿಸಿ ಹೇಳಿದರು: "ತಮ್ಮಾ, ಈ ಗ್ವಾಡಿ ಬುಡದಿಂದ ನೀರು ಜಗ್ಗತೈತಿ. ಎರಡೂ ಕಡೆ ಮುಚ್ಚಿದ್ರ ಆ ನೀರು ಎಲ್ಲಿ ಹೋಗಬೇಕು?" ನಾನು "ನೋಡೋಣ್ರೀ ಕಾಕಾ" ಎಂದೆ. ಆಫೀಸಿನಲ್ಲಿ ಜೂನಿಯರ್ ಒಬ್ಬ ರಿಸ್ಕ್ ಎತ್ತಿ ತೋರಿಸಿದಾಗ "ಆಫ್‌ಲೈನ್ ಮಾತಾಡೋಣ" ಅನ್ನುತ್ತೇವಲ್ಲ, ಅದೇ ಧಾಟಿಯಲ್ಲಿ.

ಆ ಬೇಸಿಗೆಯಲ್ಲೂ ಅವ್ವನ ದೂರು ಕಡಿಮೆಯಾಗಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೋಣೆ ಮುಗ್ಗಲು ನಾತ ಹೊಡೆಯತೊಡಗಿತು. 2023ರ ದಸರೆಗೆ ಹೋದಾಗ ಬೋರ್ಡ್ ಬಿಚ್ಚಿಸಿದೆ. ಹಿಂದೆ ಗೋಡೆ ಸೊಂಟದೆತ್ತರದವರೆಗೆ ಹಸಿ. ಕಪ್ಪು ಬೂಷ್ಟು. ಕೈಯಿಟ್ಟರೆ ಕಲ್ಲಿನ ಸಂದಿಯ ಮಣ್ಣು ಉದುರುತ್ತಿತ್ತು. ಬಾಗಿಲ ಚೌಕಟ್ಟಿಗೆ ಗೆದ್ದಲು. ಹೊರಗೆ ಸಿಮೆಂಟಿನ ಪದರ ಉಬ್ಬಿ, ಅದರ ಅಂಚಿನಲ್ಲಿ ಬಿಳಿ ಉಪ್ಪು. ಅವ್ವ ಅಷ್ಟರಲ್ಲಿ ಕೆಮ್ಮು ತಾಳದೆ ಹಾಸಿಗೆಯನ್ನು ಪಡಸಾಲೆಗೆ ಸಾಗಿಸಿದ್ದಳು. ಪಡಸಾಲೆಯ ಗೋಡೆಗೆ ನಾನು ಕೈ ಹಾಕಿರಲಿಲ್ಲ.

ನನ್ನ ಲೆಕ್ಕದಲ್ಲಿ ಕೂಡುವ ಕಳೆಯುವ ತಪ್ಪು ಇರಲಿಲ್ಲ. ಪ್ರಶ್ನೆಯೇ ತಪ್ಪಿತ್ತು. ಯು-ವ್ಯಾಲ್ಯೂ ಹೊರಗೂ ಒಳಗೂ ಉಷ್ಣತೆ ಬದಲಾಗದೆ ನಿಂತಿದೆ ಎಂದುಕೊಂಡು ಮಾಡುವ ಲೆಕ್ಕ. ತಿಂಗಳುಗಟ್ಟಲೆ ಹಿಮ ಬಿದ್ದು ಶಾಖ ಒಂದೇ ದಿಕ್ಕಿಗೆ, ಒಳಗಿನಿಂದ ಹೊರಕ್ಕೆ, ಹರಿಯುವ ದೇಶಗಳಿಗೆ ಅದು ಸಲ್ಲುತ್ತದೆ. ನಮ್ಮೂರಿನ ಏಪ್ರಿಲ್‌ನಲ್ಲಿ ಮಧ್ಯಾಹ್ನ ಹೊರಗೆ 40 ಡಿಗ್ರಿ ಇದ್ದರೆ ಬೆಳಗಿನ ಜಾವ ತಂಪು ಗಾಳಿ. ಇಂಥ ಕಡೆ ಬಿಸಿಲು ಗೋಡೆಯೊಳಗೆ ಅಲೆಯ ಹಾಗೆ ಇಳಿಯುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯನ್ನು ದಾಟಲು ಆ ಅಲೆಗೆ ಸುಮಾರು ಏಳು ಗಂಟೆ ಬೇಕು. ಎರಡಡಿ ಗೋಡೆಯಲ್ಲಿ ಅದು ಒಳಮುಖ ಮುಟ್ಟುವ ಮೊದಲೇ ಹೆಚ್ಚುಕಡಿಮೆ ಸತ್ತುಹೋಗಿರುತ್ತದೆ. ಮಧ್ಯಾಹ್ನ ಕೋಣೆಯ ಬಿಸಿಯನ್ನು ಹೀರುತ್ತಿದ್ದದ್ದೂ ಅದೇ ಗೋಡೆಯ ತಣ್ಣನೆಯ ಒಳಮುಖ. ಥರ್ಮೋಕೋಲ್ ಹಚ್ಚಿ ಅವ್ವನಿಗೂ ಆ ತಂಪಿಗೂ ನಡುವೆ ತಡೆ ಕಟ್ಟಿದವನು ನಾನು.

ಹಾಗಾದರೆ ಬಿಸಿ ಎಲ್ಲಿಂದ ಬರುತ್ತಿತ್ತು? ಅವ್ವ ಮೊದಲ ದಿನವೇ ಹೇಳಿದ್ದಳು, ನೆತ್ತಿಯ ಮೇಲಿಂದ. ಮೇ ಮೊದಲ ವಾರ ನಮ್ಮೂರಿನಲ್ಲಿ ನಡು ಮಧ್ಯಾಹ್ನದ ಸೂರ್ಯ ಸರಿಯಾಗಿ ತಲೆಯ ಮೇಲಿರುತ್ತಾನೆ. ಗೋಡೆಗಿಂತ ಚಾವಣಿಗೆ ಬೀಳುವ ಬಿಸಿಲೇ ಹೆಚ್ಚು. ಕೇಂದ್ರ ಸರ್ಕಾರದ 2018ರ ಇಕೋ ನಿವಾಸ್ ಸಂಹಿತಾ ಹೊಸ ಮನೆಗಳ ಚಾವಣಿಯ ಯು-ವ್ಯಾಲ್ಯೂ 1.2 ದಾಟಬಾರದು ಅನ್ನುತ್ತದೆ. ಬರಿ ಐದಿಂಚಿನ ಸ್ಲ್ಯಾಬಿನದು 3ಕ್ಕಿಂತ ಮೇಲೆ. 2011ರಲ್ಲಿ ಹಂಚು ಕಾಯಲಿಟ್ಟವರು ನಾವು, 2022ರಲ್ಲಿ ಶಿಕ್ಷೆ ಕೊಟ್ಟದ್ದು ಗೋಡೆಗೆ.

ನೀರಿನ ಕಥೆಯೂ ಇಷ್ಟೇ ಸರಳ. ಹಳೆಯ ಗೋಡೆಗಳ ಬುಡದಲ್ಲಿ ಡಿಪಿಸಿ ಇರುವುದಿಲ್ಲ. ಮಳೆಗಾಲದಲ್ಲಿ ಎರೆ ಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತದೆ, ಗೋಡೆ ಅದನ್ನು ಬತ್ತಿಯ ಹಾಗೆ ಮೇಲಕ್ಕೆಳೆಯುತ್ತದೆ. ಮಣ್ಣು, ಸುಣ್ಣದ ಗಿಲಾವು ಇದ್ದರೆ ಅದು ಎರಡೂ ಮುಖದಿಂದ ಆರಿಹೋಗುತ್ತದೆ. ಸಿಮೆಂಟು, ಫೋಮ್ ಹಚ್ಚಿದರೆ ಆರಲು ಜಾಗ ಹುಡುಕುತ್ತ ಇನ್ನೂ ಮೇಲಕ್ಕೇರುತ್ತದೆ. ಇದನ್ನೇ ಕೆಲವರು "ಗೋಡೆ ಉಸಿರಾಡುತ್ತದೆ" ಎಂದು ಭಾವುಕರಾಗಿ ಹೇಳುತ್ತಾರೆ. ಉಸಿರಾಟ ಗಿಸಿರಾಟ ಏನಿಲ್ಲ. ಒದ್ದೆಯಾದದ್ದು ಒಣಗಬೇಕು, ಅಷ್ಟೇ.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಗುಂಪು ಚಪ್ಪಾಳೆ ತಟ್ಟುತ್ತದೆ: "ನೋಡಿ, ನಮ್ಮ ಪೂರ್ವಜರಿಗೆ ಎಲ್ಲ ಗೊತ್ತಿತ್ತು!" ಅವರ ಜೊತೆಗೂ ನನ್ನ ಜಗಳವಿದೆ. ಆ ಗೋಡೆ ನೆಟ್ಟಗೆ ನಿಂತದ್ದು ಅಜ್ಜನ ಜ್ಞಾನದಿಂದ ಮಾತ್ರವಲ್ಲ. ಅವ್ವ ಮತ್ತು ಅವಳ ಅತ್ತೆ ವರ್ಷ ವರ್ಷ ಮಣ್ಣು ತುಳಿದು, ಸಗಣಿ ಕಲಸಿ, ಸೊಂಟ ಹಿಡಿದುಕೊಂಡು ಸಾರಿಸಿದ್ದರಿಂದ. ಎಪ್ಪತ್ತು ದಾಟಿದ ಹೆಂಗಸಿಗೆ ಅದನ್ನೇ ಮುಂದುವರಿಸು ಅನ್ನುವ ಪರಂಪರೆಯ ಭಕ್ತರು ಒಂದು ವರ್ಷ ತಾವೇ ಸಾರಿಸಲಿ.

ಇನ್ಸುಲೇಶನ್ನೇ ಬೇಡ ಎಂದೂ ನಾನು ಹೇಳುತ್ತಿಲ್ಲ. ಪಡುವಣ ಬಿಸಿಲಿಗೆ ಮೈಯೊಡ್ಡಿದ ಒಂಬತ್ತಿಂಚಿನ ಇಟ್ಟಿಗೆ ಗೋಡೆಯ ಮನೆಗಳಿಗೆ ಅದು ಬೇಕಾಗಬಹುದು. ಆದರೆ ಮೊದಲು ನೆರಳು ಮಾಡಿ. ಗೋಡೆ ಒಣಗಿದೆಯೇ ನೋಡಿ. ಹಚ್ಚುವುದಾದರೆ ಹೊರಗಿನಿಂದ ಹಚ್ಚಿ, ಗೋಡೆಯ ತಂಪು ಮನೆಯ ಪಾಲಿಗೆ ಉಳಿಯುತ್ತದೆ. ರಾತ್ರಿ ಎರಡು ಗಂಟೆ ಎಸಿ ಹಾಕುವವರಿಗೆ ಒಳಗಿನ ಪದರದಿಂದ ಕೋಣೆ ಬೇಗ ತಂಪಾಗುವುದೂ ನಿಜ. ಆದರೆ ಹಸಿ ಗೋಡೆಯ ಮೇಲೆ ಅದನ್ನು ಹೊಡೆಸುವವನು ನನ್ನಂಥವನೇ.

ನನ್ನ ಸಿಟ್ಟು ಥರ್ಮೋಕೋಲ್ ಮೇಲಲ್ಲ, ನಮ್ಮ ರೀತಿಯ ಮೇಲೆ. ಊರಿಗೆ ಹೋಗಲು ರಜೆ ಇಲ್ಲದ್ದಕ್ಕೆ ದುಡ್ಡು ಕಳಿಸುತ್ತೇವೆ. ಮನೆಯಲ್ಲಿ ಇರುವವರ ಮಾತನ್ನು ದೂರು ಎಂದು ಕೇಳುತ್ತೇವೆಯೇ ಹೊರತು ಮಾಹಿತಿ ಎಂದು ಕೇಳುವುದಿಲ್ಲ. ಕ್ಲೈಂಟ್‌ನ ಒಂದು ಸಾಲಿನ ಮೇಲ್ ಅರ್ಥ ಮಾಡಿಕೊಳ್ಳಲು ಮೂರು ಮೀಟಿಂಗ್ ಇಡುವ ನಾನು, "ನೆತ್ತಿ ಮ್ಯಾಲೆ" ಅನ್ನುವ ಎರಡು ಪದ ಕೇಳಿಸಿಕೊಳ್ಳಲಿಲ್ಲ.

ಈ ವರ್ಷ ಜಿಪ್ಸಮ್, ಸಿಮೆಂಟು ಎಲ್ಲ ಕೀಳಿಸಿದ್ದೇನೆ. ಚಾವಣಿಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ಪೈಪು ದೂರ ಒಯ್ದಾಗಿದೆ. ಸ್ಲ್ಯಾಬಿನ ಮೇಲೆ ಎರಡಿಂಚಿನ ಗಟ್ಟಿ ಫೋಮ್ ಹಲಗೆ, ಅದರ ಮೇಲೆ ಇಳಿಜಾರಿನ ಕಾಂಕ್ರೀಟು, ಬಿಳಿ ಟೈಲ್ಸ್ ಚೂರು. ಇನ್ಸುಲೇಶನ್ ಇರಬೇಕಾದ ಜಾಗ ಅದಾಗಿತ್ತು. ಗೋಡೆಗೆ ಸುಣ್ಣದ ಗಿಲಾವು ಮಾಡುವ ಕೆಲಸ ಅದೇ ಗೌಂಡಿ ಕಾಕಾ ಅವರದು. ಅವರು ಇನ್ನೂ ಶುರು ಮಾಡಿಲ್ಲ. ಅಂಗೈಯನ್ನು ಗೋಡೆಗಿಟ್ಟು ನೋಡಿ, "ಇನ್ನೊಂದು ಬ್ಯಾಸಗಿ ಹೋಗ್ಲಿ ತಮ್ಮಾ, ಇನ್ನೂ ಹಸಿ ಐತಿ" ಎಂದರು. ಅಲ್ಲಿಯವರೆಗೆ ಅವ್ವನ ಹಾಸಿಗೆ ಪಡಸಾಲೆಯಲ್ಲೇ.