ಸ್ಟೇಜ್ ಮೇಲಿನ ಭಾಷಣಕ್ಕಿಂತ ಪಕ್ಕದ ಕುರ್ಚಿಯ ಸೀನಿಯರ್ ಮೇಲು

ನಾಲ್ಕು ವರ್ಷದ ಇಂಜಿನಿಯರಿಂಗೇ ಮುಗೀತಿಲ್ಲ ಅಂತ ಗೊಣಗೋರು ನಾವು. ಅಮೆರಿಕದಲ್ಲಿ ಎಂ.ಡಿ., ಪಿಎಚ್.ಡಿ. ಎರಡನ್ನೂ ಒಟ್ಟಿಗೆ ಮಾಡೋರಿಗೆ ಸುಮಾರು 8 ವರ್ಷ ಬೇಕು. ಈ ತರಬೇತಿಗೆ ಅಲ್ಲಿನ ಎನ್.ಐ.ಎಚ್. 1964ರಿಂದ ಹಣ ಕೊಡ್ತಿದೆ. ಆದರೆ ಹಣವೊಂದೇ ಸಾಕಾಗಲ್ಲ. ಎರಡು ವರ್ಷ ಮೆಡಿಕಲ್ ಓದಿ, ಲ್ಯಾಬ್‌ನಲ್ಲಿ ಮೂರ್ನಾಲ್ಕು ವರ್ಷ ಕಳೆದು ವಾರ್ಡ್‌ಗೆ ಮರಳೋ ಹೊತ್ತಿಗೆ ಜೊತೆಗೆ ಸೇರಿದವರು ಡಾಕ್ಟರಾಗಿ ಹೋಗಿರ್ತಾರೆ. ಆ ಒಂಟಿತನಕ್ಕೆ ಸ್ಕಾಲರ್‌ಶಿಪ್ ಮದ್ದಲ್ಲ.

ಇಂಥ ವಿದ್ಯಾರ್ಥಿಗಳೇ ನಡೆಸುವ ಎ.ಪಿ.ಎಸ್.ಎ. ಎಂಬ ಸಂಘ ವಾರ್ಷಿಕ ಸಮ್ಮೇಳನ ಸಾಲದೆಂದು ಪ್ರಾದೇಶಿಕ ಸಭೆಗಳನ್ನೂ ಮಾಡುತ್ತದೆ. ನನ್ನ ಪ್ರಕಾರ ಈ ಸಣ್ಣ ಸಭೆಗಳೇ ಹೆಚ್ಚು ಉಪಯೋಗ. ದೊಡ್ಡ ವಿಜ್ಞಾನಿ ಗೆದ್ದ ಕಥೆ ಹೇಳ್ತಾರೆ. ಎರಡು ವರ್ಷ ಮುಂದಿರೋ ಸೀನಿಯರ್ ಹತ್ರ ಮಾತ್ರ, "ಗೈಡ್ ಜೊತೆ ಹೊಂದಿಕೆ ಆಗದಿದ್ರೆ ಏನ್ ಮಾಡೋದು?" ಅಂತ ಕೇಳಬಹುದು.

ಇದು ನಮಗೂ ದೂರದ ಮಾತಲ್ಲ. ಬೆಂಗಳೂರಿನ ಐಐಎಸ್‌ಸಿಗೆ 800 ಹಾಸಿಗೆಗಳ ಆಸ್ಪತ್ರೆ ಕಟ್ಟಲು 2022ರಲ್ಲಿ 425 ಕೋಟಿ ರೂಪಾಯಿ ದೇಣಿಗೆ ಘೋಷಣೆಯಾಯಿತು. ವೈದ್ಯ-ವಿಜ್ಞಾನಿಗಳನ್ನು ತಯಾರು ಮಾಡೋದೇ ಅದರ ಗುರಿ. ಅವರಿಗೆ ಸೆನ್ಸರ್, ಇಮೇಜಿಂಗ್, ಕೋಡ್ ಎಲ್ಲಕ್ಕೂ ಇಂಜಿನಿಯರ್‌ಗಳು ಬೇಕು. ಕಟ್ಟಡಕ್ಕೆ ದಾನಿಗಳು ಸಿಗ್ತಾರೆ, ಪರಿಚಯ ನಾವೇ ಮಾಡ್ಕೋಬೇಕು.

ಹಾಗಾಗಿ ಮುಂದಿನ ಟೆಕ್ ಫೆಸ್ಟ್‌ನಲ್ಲಿ ಒಂದು ಮಧ್ಯಾಹ್ನ ಬಿಡಿಸಿಡೋಣ. ಹತ್ತಿರದ ಮೆಡಿಕಲ್ ಕಾಲೇಜಿನವರನ್ನ, ರಿಸರ್ಚ್‌ಗೆ ಹೋದ ನಮ್ಮ ಸೀನಿಯರ್‌ಗಳನ್ನ ಕರೆಯೋಣ. ಬಹುಮಾನ, ಹಾರ, ಶಾಲು ಯಾವುದೂ ಬೇಡ. ಸೆಮಿನಾರ್ ಹಾಲ್, ಟೀ, ಮುಚ್ಚುಮರೆ ಇಲ್ಲದ ಪ್ರಶ್ನೆಗಳು ಸಾಕು.